ಹಳೆಯ ಪಿಕ್‌ಅಪ್ ವಾಹನದ ಮೈಲೇಜು: ಗೇರು ಬದಲಾವಣೆಯಿಂದ ಲಾಭವೆಷ್ಟು, ನಷ್ಟವೆಲ್ಲಿ?

ಬೆಳಗಾವಿ ಮಾರುಕಟ್ಟೆಯಿಂದ ಪ್ರತಿದಿನ ಗೋವಾಕ್ಕೆ ತರಕಾರಿ ಹೋಗುತ್ತದೆ. ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಹಾಲು, ಭತ್ತ, ಇಟ್ಟಿಗೆ, ಹಂಚು ನಗರಕ್ಕೆ ಬರುತ್ತವೆ. ಈ ಸಾಗಣೆಯ ಒಂದು ಪಾಲು ಇಂದಿಗೂ ಹಳೆಯ ಪಿಕ್‌ಅಪ್ ವಾಹನಗಳ ಮೇಲೆ ನಿಂತಿದೆ. ಟಾಟಾ 207 ಡಿಐ, ಮಹೀಂದ್ರ ಬೊಲೆರೊ ಪಿಕ್‌ಅಪ್, ಮಹೀಂದ್ರ ಯುಟಿಲಿಟಿ, ಅದಕ್ಕೂ ಹಿಂದಿನ ಜೀಪ್ ಮಾದರಿಯ ವಾಹನಗಳು ಇವುಗಳಲ್ಲಿ ಪ್ರಮುಖವಾದವು. ಇವುಗಳ ಮಾಲೀಕರಲ್ಲಿ ಹಲವರು ಸ್ವತಃ ಚಾಲಕರು. ಬಾಡಿಗೆಯ ಹಣದಲ್ಲಿ ಡೀಸೆಲ್ ವೆಚ್ಚ ಕಳೆದ ನಂತರ ಉಳಿಯುವುದೇ ಅವರ ಸಂಪಾದನೆ. ಆದ್ದರಿಂದ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ದೊರೆತರೂ ಅದು ಸಂಸಾರದ ಲೆಕ್ಕಕ್ಕೆ ಸೇರುವ ಮಾತಾಗುತ್ತದೆ.

ಮೈಲೇಜು, ಚಾಲಕರ ಮಾತಿನಲ್ಲಿ ಹೇಳುವುದಾದರೆ ‘ಆವರೇಜ್’, ಹೆಚ್ಚಿಸಲು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸೂಚಿಸಲಾಗುವ ಮಾರ್ಗಗಳು ಮೂರು. ನಾಲ್ಕು ಗೇರುಗಳ ಪೆಟ್ಟಿಗೆಯನ್ನು ತೆಗೆದು ಐದು ಗೇರುಗಳದ್ದನ್ನು ಕೂರಿಸುವುದು ಮೊದಲನೆಯದು. ಹಿಂಬದಿಯ ಕ್ರೌನ್-ಪಿನಿಯನ್ ಜೋಡಿಯನ್ನು ಬದಲಿಸುವುದು ಎರಡನೆಯದು. ಟೈರಿನ ಅಳತೆ ಅಥವಾ ಬಗೆಯನ್ನು ಬದಲಿಸುವುದು ಮೂರನೆಯದು. ಈ ಮೂರೂ ಫಲ ನೀಡಬಲ್ಲವು. ಆದರೆ ವಾಹನವು ತನ್ನ ಹೆಚ್ಚಿನ ಕಿಲೋಮೀಟರುಗಳನ್ನು ಯಾವ ಗೇರಿನಲ್ಲಿ, ಯಾವ ರಸ್ತೆಯಲ್ಲಿ ಕ್ರಮಿಸುತ್ತದೆ ಎಂಬುದನ್ನು ತಿಳಿಯದೆ ಮಾಡಿದ ಬದಲಾವಣೆಯಿಂದ ಉಳಿತಾಯಕ್ಕಿಂತ ನಷ್ಟವಾಗುವ ಸಂಭವವೇ ಹೆಚ್ಚು.

ಎಂಜಿನ್‌ನಿಂದ ಚಕ್ರದವರೆಗೆ

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯು ಕ್ಲಚ್, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಹಾಗೂ ಆಕ್ಸಲ್‌ಗಳ ಮೂಲಕ ಹಿಂದಿನ ಚಕ್ರಗಳನ್ನು ತಲುಪುತ್ತದೆ. ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಎರಡು ಅನುಪಾತಗಳು ನಿರ್ಧರಿಸುತ್ತವೆ. ಹಾಕಿರುವ ಗೇರಿನ ಅನುಪಾತ ಒಂದಾದರೆ ಕ್ರೌನ್-ಪಿನಿಯನ್ ಅನುಪಾತ ಇನ್ನೊಂದು. ಉದಾಹರಣೆಗೆ ಪಿನಿಯನ್‌ಗೆ 8, ಕ್ರೌನ್‌ಗೆ 39 ಹಲ್ಲುಗಳಿದ್ದರೆ ಅನುಪಾತ 4.88 ಆಗುತ್ತದೆ. ಪಿನಿಯನ್‌ಗೆ 10, ಕ್ರೌನ್‌ಗೆ 41 ಹಲ್ಲುಗಳಿದ್ದರೆ ಅದು 4.1.

215/75 ಆರ್ 15 ಅಳತೆಯ ಟೈರ್ ಒಂದು ಸುತ್ತಿಗೆ ಸುಮಾರು 2.21 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 452 ಸುತ್ತು ತಿರುಗುತ್ತದೆ. ನಾಲ್ಕನೆಯ ಗೇರಿನಲ್ಲಿ ಅನುಪಾತ 1 ಆಗಿದ್ದು, ಕ್ರೌನ್-ಪಿನಿಯನ್ 4.88 ಇದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 2,200 ಸುತ್ತು ತಿರುಗಬೇಕು. ಅದೇ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ 2,940 ಸುತ್ತುಗಳು ಬೇಕಾಗುತ್ತವೆ. 0.8 ಅನುಪಾತದ ಐದನೆಯ ಗೇರ್ ಇದ್ದರೆ ಈ ಸಂಖ್ಯೆಗಳು ಕ್ರಮವಾಗಿ 1,770 ಹಾಗೂ 2,350ಕ್ಕೆ ಇಳಿಯುತ್ತವೆ.

ಸುತ್ತುಗಳು ಕಡಿಮೆಯಾದರೆ ಇಂಧನ ಉಳಿಯುವುದೇಕೆ? ಪಿಸ್ಟನ್, ಬೇರಿಂಗ್, ವಾಲ್ವ್, ಆಯಿಲ್ ಪಂಪು ಮುಂತಾದವುಗಳ ಘರ್ಷಣೆಯನ್ನು ಮೀರಲು ಎಂಜಿನ್ ಪ್ರತಿ ಸುತ್ತಿಗೂ ಒಂದಿಷ್ಟು ಡೀಸೆಲ್ ವ್ಯಯಿಸುತ್ತದೆ. ಹೊರೆ ಹಗುರವಾಗಿರುವಾಗ ಈ ಘರ್ಷಣೆಯ ಪಾಲು ದೊಡ್ಡದಾಗಿರುತ್ತದೆ. ಅದೇ ಕೆಲಸವನ್ನು ಕಡಿಮೆ ಸುತ್ತಿನಲ್ಲಿ, ಪ್ರತಿ ಸುತ್ತಿಗೆ ತುಸು ಹೆಚ್ಚು ಒತ್ತಡದಲ್ಲಿ ಮಾಡಿದಾಗ ಎಂಜಿನ್ನಿನ ದಕ್ಷತೆ ಹೆಚ್ಚುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಸುತ್ತು ಅತಿಯಾಗಿ ಕುಸಿದರೆ ಎಂಜಿನ್ ನಡುಗುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ಬಿಸಿಯೇರುತ್ತದೆ. ಆಗ ಉಳಿತಾಯದ ಮಾತೇ ಇರುವುದಿಲ್ಲ.

ಡೀಸೆಲ್ ಎಲ್ಲಿ ಖರ್ಚಾಗುತ್ತದೆ?

ಸರಕು ಸಹಿತ 2,500 ಕೆ.ಜಿ. ತೂಗುವ ಪಿಕ್‌ಅಪ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸಮತಟ್ಟಾದ ಡಾಂಬರು ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ಟೈರುಗಳ ಉರುಳು ಪ್ರತಿರೋಧ ಸುಮಾರು 290 ನ್ಯೂಟನ್, ಗಾಳಿಯ ಪ್ರತಿರೋಧ ಸುಮಾರು 250 ನ್ಯೂಟನ್ ಎಂದು ಅಂದಾಜಿಸಬಹುದು. ಇವೆರಡನ್ನೂ ಮೀರಲು ಚಕ್ರದಲ್ಲಿ ಬೇಕಾದ ಶಕ್ತಿ ಸುಮಾರು 12 ಅಶ್ವಶಕ್ತಿ ಮಾತ್ರ. ಎಂಜಿನ್ನಿನ ಸಾಮರ್ಥ್ಯ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವುದರಿಂದ ಇಂತಹ ರಸ್ತೆಯಲ್ಲಿ ಸುತ್ತು ಇಳಿಸುವುದು ಸಾರ್ಥಕವಾಗುತ್ತದೆ.

ವೇಗ 80 ಕಿ.ಮೀ.ಗೆ ಏರಿದರೆ ಗಾಳಿಯ ಪ್ರತಿರೋಧ ಸುಮಾರು 440 ನ್ಯೂಟನ್‌ಗೆ ಹೆಚ್ಚುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ಚಕ್ರದಲ್ಲಿ ಮಾಡಬೇಕಾದ ಕೆಲಸವೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಬೆಳಗಾವಿ-ಖಾನಾಪುರ ರಸ್ತೆ ಹಿಂದಿನ ರಾಷ್ಟ್ರೀಯ ಹೆದ್ದಾರಿ 4ಎ, ಈಗಿನ 748. ಇತ್ತೀಚಿನ ವರ್ಷಗಳಲ್ಲಿ ಅದು ಚತುಷ್ಪಥವಾಗಿ ವಿಸ್ತಾರಗೊಂಡಿದೆ. ಅಗಲವಾದ ರಸ್ತೆಯಲ್ಲಿ ಹಳೆಯ ವಾಹನವನ್ನೂ 80ರಲ್ಲಿ ಓಡಿಸುವ ಆಸೆ ಸಹಜ. ಯಾವ ಗೇರು ಬದಲಾವಣೆಯೂ ಉಳಿಸಲಾರದಷ್ಟು ಡೀಸೆಲನ್ನು ಆ 20 ಕಿ.ಮೀ. ವೇಗವೊಂದೇ ನುಂಗಬಲ್ಲದು.

ಘಟ್ಟದ ಲೆಕ್ಕವೇ ಬೇರೆ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಇದೇ ವಾಹನವನ್ನು ಭೂಮಿಯ ಗುರುತ್ವ ಸುಮಾರು 1,230 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಸಮತಟ್ಟಿನಲ್ಲಿ 60 ಕಿ.ಮೀ. ವೇಗಕ್ಕೆ ಎದುರಾಗುವ ಗಾಳಿ ಮತ್ತು ಟೈರುಗಳ ಒಟ್ಟು ಪ್ರತಿರೋಧದ ಎರಡು ಪಟ್ಟಿಗಿಂತಲೂ ಇದು ಹೆಚ್ಚು. ಪಿರಣವಾಡಿಯಲ್ಲಿ ಹೆದ್ದಾರಿಯಿಂದ ಕವಲೊಡೆದು ಜಾಂಬೋಟಿ, ಕಣಕುಂಬಿಗಳ ಮೂಲಕ ಸಾಗುವ ಚೋರ್ಲಾ ಘಟ್ಟದ ದಾರಿಯಲ್ಲಿ, ಹಾಗೆಯೇ ಖಾನಾಪುರದಿಂದ ಮುಂದೆ ರಾಮನಗರ ದಾಟಿ ಇಳಿಯುವ ಅನಮೋಡ ಘಟ್ಟದಲ್ಲಿ ಈ ಬಲವೇ ಪ್ರಧಾನ. ಒಟ್ಟು 600 ಮೀಟರ್ ಏರಿಕೆ ಎಂದು ಹಿಡಿದರೆ 2,500 ಕೆ.ಜಿ. ವಾಹನವನ್ನು ಮೇಲೆತ್ತಲು, ಎಂಜಿನ್ ದಕ್ಷತೆ 30 ಶೇಕಡಾ ಇದ್ದಾಗ, ಸುಮಾರು 1.4 ಲೀಟರ್ ಡೀಸೆಲ್ ಬೇಕು. ಸರಕು ಇಳಿಸಿ 1,600 ಕೆ.ಜಿ. ತೂಕದಲ್ಲಿ ಮರಳುವ ವಾಹನಕ್ಕೆ ಸುಮಾರು 0.9 ಲೀಟರ್ ಸಾಕು. ಈ ಏರಿಕೆಯ ಕೆಲಸವನ್ನು ಯಾವ ಕ್ರೌನ್-ಪಿನಿಯನ್ನೂ ಕಡಿಮೆ ಮಾಡಲಾರದು.

ಬದಲಿಸುವ ಮುನ್ನ ಸರಿಪಡಿಸುವುದು

ಹಳೆಯ ವಾಹನದ ಮೈಲೇಜು ಇಳಿದಿದ್ದರೆ ಮೊದಲು ನೋಡಬೇಕಾದದ್ದು ಹೊಸ ಭಾಗಗಳನ್ನಲ್ಲ, ಇರುವ ಭಾಗಗಳಲ್ಲಿನ ಸೋರಿಕೆಯನ್ನು. ಕ್ಲಚ್ ಜಾರುತ್ತಿದ್ದರೆ ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ಹಿಂದಿನ ಬ್ರೇಕ್ ಡ್ರಮ್ಮುಗಳಲ್ಲಿ ಲೈನರ್ ಹಿಡಿದುಕೊಂಡಿದ್ದರೆ ಹತ್ತು ಕಿಲೋಮೀಟರ್ ಓಡಿಸಿದ ಬಳಿಕ ಒಂದು ಚಕ್ರದ ಡ್ರಮ್ಮು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿರುವುದು ತಿಳಿಯುತ್ತದೆ. ಚಕ್ರದ ಬೇರಿಂಗ್‌ಗಳನ್ನು ಅತಿ ಬಿಗಿಯಾಗಿ ಕಟ್ಟಿರುವುದು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರುವುದು, ಚಕ್ರಗಳ ಅಲೈನ್‌ಮೆಂಟ್ ತಪ್ಪಿರುವುದು ಇದೇ ಸಾಲಿಗೆ ಸೇರುತ್ತವೆ. ಮಲೆನಾಡ ಸೆರಗಿನ ಖಾನಾಪುರದಲ್ಲಿ ಮಳೆಗಾಲ ದೀರ್ಘವಾಗಿದ್ದು, ಕೆಸರು ನೀರಿನಲ್ಲಿ ಓಡುವ ವಾಹನಗಳ ಬ್ರೇಕ್ ಹಾಗೂ ಬೇರಿಂಗ್‌ಗಳನ್ನು ಮಳೆ ಮುಗಿದೊಡನೆ ಬಿಚ್ಚಿ ಪರೀಕ್ಷಿಸುವುದು ಅಗತ್ಯ.

ಗೇರ್ ಬಾಕ್ಸ್ ಹಾಗೂ ಡಿಫರೆನ್ಷಿಯಲ್ ಆಯಿಲ್‌ಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂಬದಿಯ ಹೈಪಾಯಿಡ್ ಗೇರುಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್ ಬೇಕಾಗುತ್ತದೆ. ಹಳೆಯ ಗೇರ್ ಬಾಕ್ಸ್‌ಗಳಿಗೆ ಹೆಚ್ಚಾಗಿ ಜಿಎಲ್-4 ಸೂಚಿಸಲಾಗಿರುತ್ತದೆ, ಏಕೆಂದರೆ ಜಿಎಲ್-5ರಲ್ಲಿನ ಕೆಲವು ರಾಸಾಯನಿಕಗಳು ಸಿಂಕ್ರೊನೈಸರಿನ ಹಿತ್ತಾಳೆ ಉಂಗುರಗಳಿಗೆ ಹಾನಿ ಮಾಡಬಲ್ಲವು. ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಗಿಂತ ಗಟ್ಟಿಯಾದ ಆಯಿಲ್ ತುಂಬಿದರೆ ಗೇರಿನ ಸದ್ದು ತಗ್ಗಬಹುದು. ಆದರೆ ಅದನ್ನು ಕಲಕುವುದಕ್ಕೇ ಡೀಸೆಲ್ ವ್ಯಯವಾಗುತ್ತದೆ.

ಐದನೆಯ ಗೇರ್

ಹಳೆಯ ಜೀಪ್ ಮಾದರಿಯ ವಾಹನಗಳಲ್ಲಿ ನಾಲ್ಕು ಗೇರುಗಳ ಪೆಟ್ಟಿಗೆ ಸಾಮಾನ್ಯವಾಗಿತ್ತು. ನಂತರ ಬಂದ ಪಿಕ್‌ಅಪ್‌ಗಳಲ್ಲಿ ಐದು ಗೇರುಗಳು ರೂಢಿಗೆ ಬಂದವು. ಹೆದ್ದಾರಿಯಲ್ಲಿ ಹೆಚ್ಚು ಓಡುವ, ಆಗಾಗ ಘಟ್ಟವನ್ನೂ ಏರಿಳಿಯುವ ವಾಹನಕ್ಕೆ ಐದನೆಯ ಗೇರ್ ಸೇರಿಸುವುದೇ ಹೆಚ್ಚು ಸಮಂಜಸ. ಕೆಳಗಿನ ಗೇರುಗಳು ಬಹುತೇಕ ಮೊದಲಿನಂತೆಯೇ ಇರುವ ಪೆಟ್ಟಿಗೆಯನ್ನು ಆರಿಸಿದರೆ ಏರಿನಲ್ಲಿ ಎಳೆಯುವ ಬಲವೂ ಇಳಿಜಾರಿನಲ್ಲಿ ತಡೆಯುವ ಬಲವೂ ಕುಗ್ಗುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಹೊಸ ಗೇರ್ ಕೆಲಸಕ್ಕೆ ಬರುತ್ತದೆ.

ಆದರೆ ಸುತ್ತು 20 ಶೇಕಡಾ ಇಳಿದಾಕ್ಷಣ ಡೀಸೆಲ್ 20 ಶೇಕಡಾ ಉಳಿಯುತ್ತದೆಂದು ಭಾವಿಸುವುದು ತಪ್ಪು. ಉಳಿಯುವುದು ಎಂಜಿನ್ನಿನ ಘರ್ಷಣೆಗೆ ಹೋಗುತ್ತಿದ್ದ ಪಾಲಿನ ಒಂದು ಭಾಗ ಮಾತ್ರ. ಗಾಳಿ ಹಾಗೂ ಟೈರುಗಳ ಪ್ರತಿರೋಧ ಮೊದಲಿನಷ್ಟೇ ಇರುತ್ತದೆ. ಇದರ ಜೊತೆಗೆ ನೇರ ಗೇರಿನಲ್ಲಿ ಶಕ್ತಿಯು ಹಲ್ಲುಗಳನ್ನು ಹಾಯದೆ ನೇರವಾಗಿ ಹೊರಬರುತ್ತದೆ. ಐದನೆಯ ಗೇರಿನಲ್ಲಿ ಅದು ಎರಡು ಜೋಡಿ ಹಲ್ಲುಗಳನ್ನು ದಾಟಬೇಕಾದುದರಿಂದ ಸ್ವಲ್ಪ ಶಕ್ತಿ ಅಲ್ಲಿಯೇ ಕಳೆಯುತ್ತದೆ.

ಜೋಡಣೆಯಲ್ಲಿ ಬೆಲ್ ಹೌಸಿಂಗ್, ಕ್ಲಚ್ ಪ್ಲೇಟಿನ ಸ್ಪ್ಲೈನ್, ಪೆಟ್ಟಿಗೆಯ ಉದ್ದ, ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಅಳತೆ ಎಲ್ಲವೂ ಹೊಂದಬೇಕು. ಉದ್ಯಮಬಾಗದ ಯಂತ್ರಶಾಲೆಗಳಿರುವ ಬೆಳಗಾವಿಯಲ್ಲಿ ಶಾಫ್ಟ್ ಕತ್ತರಿಸಿ ಬೆಸೆದು ಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಬೆಸೆದ ಶಾಫ್ಟನ್ನು ಯಂತ್ರದ ಮೇಲೆ ಬ್ಯಾಲೆನ್ಸ್ ಮಾಡಿಸದಿದ್ದರೆ ಅದರ ಕಂಪನವು ಕೆಲವೇ ತಿಂಗಳಲ್ಲಿ ಕ್ರಾಸ್, ಸೀಲ್, ಬೇರಿಂಗ್‌ಗಳನ್ನು ಹಾಳುಮಾಡುತ್ತದೆ.

ಕ್ರೌನ್-ಪಿನಿಯನ್ ಬದಲಾವಣೆ

4.88ರ ಜೋಡಿಯನ್ನು ತೆಗೆದು 4.1ರ ಜೋಡಿಯನ್ನು ಕೂರಿಸಿದರೆ ಎಲ್ಲ ಗೇರುಗಳಲ್ಲಿಯೂ ಎಂಜಿನ್ ಸುತ್ತು ಸುಮಾರು 16 ಶೇಕಡಾ ಇಳಿಯುತ್ತದೆ. ನಾಲ್ಕನೆಯ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ 2,200ರ ಬದಲು 1,855 ಸುತ್ತು ಸಾಕು. ಸಮತಟ್ಟಿನ ಓಟಕ್ಕೆ ಇದು ಒಳ್ಳೆಯದೇ. ಆದರೆ ಚಕ್ರಕ್ಕೆ ದೊರೆಯುವ ಎಳೆತವೂ ಪ್ರತಿ ಗೇರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಮೊದಲು ಮೂರನೆಯ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಎರಡನೆಯದು ಬೇಕಾಗುತ್ತದೆ. ತುಂಬಿದ ವಾಹನವನ್ನು ಏರಿನಲ್ಲಿ ನಿಂತಲ್ಲಿಂದ ಎತ್ತುವಾಗ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯಬೇಕಾಗಿ ಬಂದು ಅದು ಬೇಗ ಸುಡುತ್ತದೆ. ಕಾಡಿನಂಚಿನ ಹಳ್ಳಿಗಳ ಮಣ್ಣು ರಸ್ತೆಯಲ್ಲಿ ಮಳೆಗಾಲದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ಇದಕ್ಕಿಂತಲೂ ಗಂಭೀರವಾದದ್ದು ಇಳಿಜಾರಿನ ಪ್ರಶ್ನೆ. ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಒಯ್ಯುವ ವಾಹನವು ಘಟ್ಟ ಇಳಿಯುವುದು ತುಂಬಿದ ಹೊರೆಯೊಂದಿಗೆ. ಆಗ ವೇಗವನ್ನು ಹಿಡಿದಿಡುವುದು ಕೆಳಗಿನ ಗೇರಿನಲ್ಲಿ ಎಂಜಿನ್ ಒಡ್ಡುವ ತಡೆ. ಕ್ರೌನ್-ಪಿನಿಯನ್ ಅನುಪಾತ ಇಳಿದಷ್ಟೂ ಆ ತಡೆ ಕಡಿಮೆಯಾಗಿ ಬ್ರೇಕ್‌ಗಳ ಮೇಲೆ ಭಾರ ಬೀಳುತ್ತದೆ. ಕಾದ ಡ್ರಮ್ಮು ಹಿಡಿತ ಕಳೆದುಕೊಳ್ಳುವುದು ತಿಳಿಯುವುದೇ ತಿರುವಿನಲ್ಲಿ. ಅಂತಹ ವಾಹನದ ಚಾಲಕ ಮೊದಲಿಗಿಂತ ಒಂದು ಗೇರ್ ಕೆಳಗೆ ಇಟ್ಟುಕೊಂಡೇ ಇಳಿಯಬೇಕಾಗುತ್ತದೆ.

ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಸುವ ಅಭ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ. ಗೇರ್ ಹಾಕಿದ್ದು ಎಕ್ಸಲರೇಟರ್ ಬಿಟ್ಟಾಗ ಎಂಜಿನ್ ಸುತ್ತು ಐಡ್ಲಿಂಗ್ ಮಟ್ಟಕ್ಕಿಂತ ಮೇಲಿರುವವರೆಗೆ ಪಂಪಿನ ಗವರ್ನರ್ ಇಂಧನವನ್ನು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಉಸಿರಾಡಲು ಡೀಸೆಲ್ ಬೇಕೇ ಬೇಕು. ಎಂಜಿನ್ನನ್ನೇ ನಿಲ್ಲಿಸಿ ಇಳಿಸಿದರೆ ವ್ಯಾಕ್ಯೂಮ್ ಪಂಪು ನಿಂತು ಬ್ರೇಕಿನ ಸಹಾಯಕ ಬಲವೂ ಕೈಕೊಡುತ್ತದೆ.

ಕ್ರೌನ್ ಮತ್ತು ಪಿನಿಯನ್ನುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದನ್ನು ಹೊಸದಾಗಿ, ಇನ್ನೊಂದನ್ನು ಹಳೆಯದಾಗಿ ಇಡುವಂತಿಲ್ಲ. ಹಲ್ಲುಗಳ ನಡುವಿನ ಸಡಿಲಿಕೆಯನ್ನು ಡಯಲ್ ಗೇಜಿನಿಂದ ಅಳೆದು, ಬಣ್ಣ ಹಚ್ಚಿ ಹಲ್ಲು ಕೂಡುವ ಗುರುತನ್ನು ನೋಡಿ ಶಿಮ್ ಹಾಕುವ ಕೆಲಸ ನುರಿತ ಮಿಸ್ತ್ರಿಯದು. ಅಂದಾಜಿನಿಂದ ಕಟ್ಟಿದ ಡಿಫರೆನ್ಷಿಯಲ್ ಮೊದಲು ಊಳಿಡುತ್ತದೆ, ಬಳಿಕ ಹಲ್ಲು ಮುರಿಯುತ್ತದೆ.

ಟೈರು ಮತ್ತು ನಾಲ್ಕು ಚಕ್ರ ಚಾಲನೆ

ಹಳೆಯ ನೈಲಾನ್ ಟೈರುಗಳ ಬದಲು ಅದೇ ಅಳತೆಯ, ಅದೇ ಭಾರ ಸಾಮರ್ಥ್ಯದ ರೇಡಿಯಲ್ ಟೈರುಗಳನ್ನು ಹಾಕಿದರೆ ಉರುಳು ಪ್ರತಿರೋಧ ತಗ್ಗುತ್ತದೆ. ಇದರ ಲಾಭ ನಗರ, ಹೆದ್ದಾರಿ, ಘಟ್ಟ ಎಲ್ಲೆಡೆಯೂ ದೊರೆಯುತ್ತದೆ ಎಂಬುದು ಗಮನಾರ್ಹ. ಗಾಳಿಯ ಒತ್ತಡವನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಬೇಕು. ದೊಡ್ಡ ವ್ಯಾಸದ ಟೈರು ಹಾಕುವುದು ಕ್ರೌನ್-ಪಿನಿಯನ್ ಅನುಪಾತ ಇಳಿಸಿದಂತೆಯೇ. ಎಳೆತ, ಬ್ರೇಕ್‌ಗಳ ಮೇಲಿನ ಪರಿಣಾಮವೂ ಹಾಗೆಯೇ ಇರುತ್ತದೆ.

ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ ಇದ್ದರೆ ಡಾಂಬರು ರಸ್ತೆಗೆ ಬಂದೊಡನೆ ಅವನ್ನು ಬಿಡಿಸಬೇಕು. ಇಲ್ಲದಿದ್ದರೆ ಮುಂದಿನ ಆಕ್ಸಲ್, ಡಿಫರೆನ್ಷಿಯಲ್, ಶಾಫ್ಟ್‌ಗಳು ಕೆಲಸವಿಲ್ಲದೆಯೂ ಸುತ್ತುತ್ತಿರುತ್ತವೆ.

ಮೀಟರ್ ಹೇಳುವ ಸುಳ್ಳು

ಹಳೆಯ ಪಿಕ್‌ಅಪ್‌ಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಗೇರ್ ಬಾಕ್ಸಿನ ಹಿಂತುದಿಯಿಂದ ಹೊರಡುತ್ತದೆ. ಆದ್ದರಿಂದ ಕ್ರೌನ್-ಪಿನಿಯನ್ ಬದಲಿಸಿದಾಗ ಮೀಟರ್ ತಪ್ಪು ತೋರಿಸತೊಡಗುತ್ತದೆ. 4.88ರಿಂದ 4.1ಕ್ಕೆ ಇಳಿಸಿದ ವಾಹನ 100 ಕಿ.ಮೀ. ಓಡಿದರೂ ಮೀಟರಿನಲ್ಲಿ 84 ಮಾತ್ರ ಕಾಣುತ್ತದೆ. ನಿಜವಾದ ವೇಗ 60 ಇದ್ದಾಗ ಮುಳ್ಳು 50ರಲ್ಲಿ ನಿಂತಿರುತ್ತದೆ. ಮೀಟರನ್ನು ನಂಬಿದ ಮಾಲೀಕ ಮೈಲೇಜು ಕುಸಿಯಿತೆಂದು ಕೊರಗುತ್ತಾನೆ. ಅದೇ ಮುಳ್ಳನ್ನು ನಂಬಿದ ಚಾಲಕ ತಿಳಿಯದೆ ವೇಗ ಮೀರುತ್ತಾನೆ. ಇದಕ್ಕೆ ತಕ್ಕ ಸ್ಪೀಡೋಮೀಟರ್ ಪಿನಿಯನ್ ಹಾಕಿಸುವುದು ಕೆಲಸದ ಭಾಗವೇ ಆಗಿರಬೇಕು. ಇದಕ್ಕೆ ವಿರುದ್ಧವಾಗಿ, ಸವೆದ ಟೈರುಗಳಲ್ಲಿ ಮೀಟರ್ ಸುಮಾರು 2 ಶೇಕಡಾ ಹೆಚ್ಚು ದೂರ ತೋರಿಸಬಲ್ಲದು.

ಆದಕಾರಣ ಬದಲಾವಣೆಗೆ ಮುನ್ನ ಹಾಗೂ ಅನಂತರ ಮೈಲೇಜನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಆಧಾರದಿಂದ ಅಳೆಯುವುದು ಲೇಸು. ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸುವ ವಿಧಾನವೇ ಸರಳ. ಆದರೆ ಬೆಳಗಾವಿಯಿಂದ ಖಾನಾಪುರಕ್ಕೆ ಒಮ್ಮೆ ಹೋಗಿಬಂದರೆ ಸುಮಾರು 52 ಕಿ.ಮೀ. ಆಗುತ್ತದೆ, ಖರ್ಚಾಗುವುದು ನಾಲ್ಕೈದು ಲೀಟರ್. ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ 10 ಶೇಕಡಾ ತಪ್ಪುತ್ತದೆ. ಕನಿಷ್ಠ 500 ಕಿ.ಮೀ. ಓಟ, ಅದೇ ದಾರಿ, ಅದೇ ಪ್ರಮಾಣದ ಹೊರೆ ಇದ್ದರೆ ಮಾತ್ರ ಹೋಲಿಕೆ ನಂಬಲರ್ಹ.

ಖರ್ಚು-ಉಳಿತಾಯ

ವರ್ಷಕ್ಕೆ 30,000 ಕಿ.ಮೀ. ಓಡುವ, ಲೀಟರಿಗೆ 12 ಕಿ.ಮೀ. ಕೊಡುವ ವಾಹನಕ್ಕೆ 2,500 ಲೀಟರ್ ಡೀಸೆಲ್ ಬೇಕು. ಮೈಲೇಜು 5 ಶೇಕಡಾ ಹೆಚ್ಚಿ 12.6ಕ್ಕೆ ಏರಿದರೆ ಸುಮಾರು 119 ಲೀಟರ್ ಉಳಿಯುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಉಳಿತಾಯ ಸುಮಾರು 10,700 ರೂಪಾಯಿ. ಬದಲಾವಣೆಗೆ 30,000 ರೂಪಾಯಿ ಖರ್ಚಾಗಿದ್ದರೆ ಅದು ಮರಳಿ ಬರಲು ಸುಮಾರು ಮೂರು ವರ್ಷ ಬೇಕು. ವರ್ಷಕ್ಕೆ 10,000 ಕಿ.ಮೀ. ಮಾತ್ರ ಓಡುವ ವಾಹನಕ್ಕೆ ಎಂಟು ವರ್ಷ ದಾಟುತ್ತದೆ. ಹದಿನೈದು ವರ್ಷದ ವಾಹನಕ್ಕೆ ಅಷ್ಟು ಆಯುಷ್ಯ ಉಳಿದಿದೆಯೇ ಎಂಬುದನ್ನು ಮಾಲೀಕರೇ ಯೋಚಿಸಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಎಂಜಿನ್ ಬದಲಾವಣೆ, ಬೇರೆ ಇಂಧನಕ್ಕೆ ಪರಿವರ್ತನೆ ಮೊದಲಾದವುಗಳಿಗೆ ಪೂರ್ವಾನುಮತಿ ಕಡ್ಡಾಯ. ಅದೇ ಮಾದರಿಗೆ ತಯಾರಕರೇ ನೀಡಿದ್ದ ಗೇರ್ ಬಾಕ್ಸ್ ಅಥವಾ ಆಕ್ಸಲ್ ಅನುಪಾತವನ್ನು ಆರಿಸುವುದು ಕ್ಷೇಮಕರ. ಕೆಲಸಕ್ಕೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಹಾಗೂ ವಿಮಾ ಕಂಪನಿಯಲ್ಲಿ ವಿಚಾರಿಸಿ ಬರಹದಲ್ಲಿ ಉತ್ತರ ಪಡೆಯುವುದು ಒಳಿತು. ಎಂಟು ವರ್ಷ ಮೀರಿದ ಸರಕು ವಾಹನಗಳು ಪ್ರತಿವರ್ಷ ಅರ್ಹತಾ ಪರೀಕ್ಷೆಗೆ ಒಳಪಡಬೇಕಾದುದರಿಂದ ಮುಚ್ಚಿಟ್ಟ ಬದಲಾವಣೆ ಹೆಚ್ಚು ಕಾಲ ಮುಚ್ಚಿರುವುದೂ ಇಲ್ಲ.

ಯಾವ ವಾಹನಕ್ಕೆ ಯಾವುದು?

ಬೆಳಗಾವಿ ನಗರದೊಳಗೆ ಅಂಗಡಿಯಿಂದ ಅಂಗಡಿಗೆ ಸರಕು ಇಳಿಸುವ ವಾಹನ ಮೇಲಿನ ಗೇರಿಗೆ ಹೋಗುವುದೇ ಅಪರೂಪ. ಅದಕ್ಕೆ ಕ್ಲಚ್, ಬ್ರೇಕ್, ಟೈರುಗಳ ಪಾಲನೆಯೇ ಸಾಕು. ಬೆಳಗಾವಿ-ಖಾನಾಪುರ ಹೆದ್ದಾರಿಯಲ್ಲಿ ದಿನಕ್ಕೆ ಹಲವು ಬಾರಿ ಓಡುವ, ನಾಲ್ಕೇ ಗೇರುಗಳಿರುವ ವಾಹನಕ್ಕೆ ಐದನೆಯ ಗೇರ್ ಪ್ರಯೋಜನಕರ. ಚೋರ್ಲಾ ಅಥವಾ ಅನಮೋಡ ಘಟ್ಟವನ್ನು ಹೊರೆಯೊಂದಿಗೆ ಇಳಿಯುವ ವಾಹನದ ಕ್ರೌನ್-ಪಿನಿಯನ್ನನ್ನು ಮುಟ್ಟದಿರುವುದೇ ಮೇಲು. ಜಾಂಬೋಟಿ, ಕಣಕುಂಬಿ ಭಾಗದ ಕಾಡುದಾರಿಗಳಲ್ಲಿ ದುಡಿಯುವ ವಾಹನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎಲ್ಲ ವಾಹನಗಳಿಗೂ ಸಮಾನವಾಗಿ ಒಪ್ಪುವ, ಮಿಸ್ತ್ರಿಯ ಕೂಲಿಯನ್ನೂ ಸಾರಿಗೆ ಕಚೇರಿಯ ಅನುಮತಿಯನ್ನೂ ಬೇಡದ ಉಪಾಯವೊಂದಿದೆ. ಚತುಷ್ಪಥದಲ್ಲಿ ಮುಳ್ಳನ್ನು 80ರಿಂದ 60ಕ್ಕೆ ಇಳಿಸುವುದು. ಖಾನಾಪುರಕ್ಕಿರುವ 26 ಕಿ.ಮೀ. ದಾರಿಯಲ್ಲಿ ಇದರಿಂದ ಹೆಚ್ಚು ಹಿಡಿಯುವ ಸಮಯ ಆರೇಳು ನಿಮಿಷ ಮಾತ್ರ.